ಮಿಕ್ಸಿ ನಿಂತುಹೋದರೆ ಮೊದಲು ಜಾರ್ ನೋಡಿ: ಮನೆಯಲ್ಲೇ ದೋಷ ಹುಡುಕಿ ಸರಿಮಾಡುವ ಕ್ರಮ

"ಹೊಸ ಕಾರ್ಬನ್ ಹಾಕಿದೆ, ಎರಡು ವಾರ ಓಡಿತು, ಮತ್ತೆ ನಿಂತಿತು." ಮಿಕ್ಸಿ ರಿಪೇರಿಗೆ ಕೈಹಾಕಿದವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಕಾರ್ಬನ್ ಅಂದರೆ ತಿರುಗುವ ಮೋಟರ್‌ಗೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು. ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಮಿಕ್ಸಿ ನಿಂತ ಕೂಡಲೇ ತಳ ಬಿಚ್ಚಿ ಮೋಟರ್ ನೋಡಲು ಹೋಗುತ್ತಾರೆ. ಮೋಟರ್ ಹಾಳಾಗಲು ಕಾರಣ ಹಲವು ಸಲ ಮೇಲೆ ಕೂತಿರುವ ಜಾರ್‌ನಲ್ಲೇ ಇರುತ್ತದೆ. ಅದು ಹಾಗೇ ಉಳಿದರೆ ಹೊಸದಾಗಿ ಹಾಕಿದ ಭಾಗವೂ ಸುಡುತ್ತದೆ.

ಆದ್ದರಿಂದ ಕ್ರಮ ಮುಖ್ಯ. ಸಾಕೆಟ್, ಕೆಂಪು ಬಟನ್, ಜಾರ್, ಕಪ್ಲರ್ (ಜಾರ್ ಅನ್ನು ತಿರುಗಿಸುವ ಹಲ್ಲಿನ ಚಕ್ರ), ಆಮೇಲೆ ಕಾರ್ಬನ್, ಸ್ವಿಚ್, ಕೊನೆಗೆ ಕಾಯಿಲ್ (ಮೋಟರ್‌ನ ತಾಮ್ರದ ತಂತಿಯ ಸುರುಳಿ). ಹೊರಗಿನಿಂದ ಒಳಗೆ ಹೋಗಬೇಕು. ಮೊದಲ ನಾಲ್ಕಕ್ಕೆ ತಳದ ಮುಚ್ಚಳ ಬಿಚ್ಚುವ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ.

## ಕೈಹಾಕಬಾರದ ಸಂದರ್ಭಗಳು

ವಾರಂಟಿ ಇದ್ದರೆ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ. ಮಿಕ್ಸಿ ಮುಟ್ಟಿದಾಗ ಜುಮ್ಮೆಂದರೆ, ಹಚ್ಚಿದ ತಕ್ಷಣ ಮನೆಯ ಎಂಸಿಬಿ ಅಥವಾ ಇಎಲ್‌ಸಿಬಿ (ತೊಂದರೆಯಾದಾಗ ತಾನಾಗಿ ಕರೆಂಟ್ ಕಡಿಯುವ ಸ್ವಿಚ್‌ಗಳು) ಬಿದ್ದರೆ, ಒಳಗಿನಿಂದ ಹೊಗೆ ಬಂದಿದ್ದರೆ ಮತ್ತೊಮ್ಮೆ ಆನ್ ಮಾಡಿ ನೋಡಬೇಡಿ. "ಒಂದು ಸಲ ನೋಡೋಣ" ಅನ್ನುವುದೇ ಅಪಾಯ.

ಇನ್ನೊಂದು ಎಚ್ಚರಿಕೆ. ಮಿಕ್ಸಿ ಬಿಚ್ಚಿ ಗೆದ್ದ ಧೈರ್ಯದಲ್ಲಿ ಮೈಕ್ರೋವೇವ್ ಓವನ್ ಬಿಚ್ಚಬೇಡಿ. ಅದರೊಳಗೆ ಸುಮಾರು 2000 ವೋಲ್ಟ್ ಮತ್ತು ಅದಕ್ಕೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿರಬಹುದು. ಹಳೆಯ ಡಬ್ಬಿ ಟಿವಿಯೂ ಹಾಗೇ. ಈ ಬರಹ ಮಿಕ್ಸಿಗೆ ಮಾತ್ರ.

## ಬೇಕಾದ ಸಾಮಾನು

ಉದ್ದ ಕಡ್ಡಿಯ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಏಕೆಂದರೆ ತಳದ ಸ್ಕ್ರೂಗಳು ಆಳದ ತೂತಿನಲ್ಲಿರುತ್ತವೆ. ಒಂದು ಚಪ್ಪಟೆ ಸ್ಕ್ರೂಡ್ರೈವರ್, ಇಕ್ಕಳ, ಟೆಸ್ಟರ್, ಸಾದಾ ಡಿಜಿಟಲ್ ಮಲ್ಟಿಮೀಟರ್, ಹಳೆಯ ಹಲ್ಲುಜ್ಜುವ ಬ್ರಷ್, ಝೀರೋ ನಂಬರ್ ಉಪ್ಪುಕಾಗದ, ಹಲ್ಲುಕಡ್ಡಿ, ಒಣಬಟ್ಟೆ. ಸ್ಕ್ರೂ ಹಾಕಿಡಲು ಒಂದು ತಟ್ಟೆ. ಫೋಟೋ ತೆಗೆಯಲು ಮೊಬೈಲ್.

ಮಲ್ಟಿಮೀಟರ್ ಇಲ್ಲದಿದ್ದರೆ 6ನೇ ಹಂತದವರೆಗೆ ಮಾತ್ರ ಹೋಗಿ. ಮೀಟರ್ ಇಲ್ಲದೆ ಒಳಗೆ ಹೋದರೆ ಊಹೆಯ ಮೇಲೆ ಭಾಗ ಬದಲಿಸುತ್ತಾ ಹೋಗುತ್ತೀರಿ. ದುಡ್ಡು ವ್ಯರ್ಥವಾಗುವುದು ಹೀಗೇ.

## ಹಂತ 1: ಪ್ಲಗ್ ಕಿತ್ತು ಕಣ್ಣಮುಂದೆ ಇಡಿ

ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಎಷ್ಟೋ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂತಿರುತ್ತದೆ. ಆಗ ಸ್ವಿಚ್ ಆಫ್ ಇದ್ದರೂ ಮಿಕ್ಸಿಯ ಒಳಗೆ 230 ವೋಲ್ಟ್ ಇದ್ದೇ ಇರುತ್ತದೆ. ಪ್ಲಗ್ಗನ್ನೇ ಕಿತ್ತು, ನೀವು ಕೆಲಸ ಮಾಡುವ ಮೇಜಿನ ಮೇಲೆ ಇಟ್ಟುಕೊಳ್ಳಿ. ಮನೆಯವರು ಯಾರೋ ಬಂದು ಸುಮ್ನೆ ಸಿಕ್ಕಿಸಿಬಿಡುವ ಸಾಧ್ಯತೆ ಆಗ ಇರುವುದಿಲ್ಲ.

ಕಿತ್ತ ತಕ್ಷಣ ಪ್ಲಗ್ಗಿನ ಪಿನ್‌ಗಳನ್ನು ಮುಟ್ಟಬೇಡಿ. ಮಿಕ್ಸಿಯೊಳಗೆ ಒಂದು ಸಣ್ಣ ಕೆಪಾಸಿಟರ್ ಇರಬಹುದು, ಅದು ಬೆರಳಿಗೆ ಚುರುಕ್ ಅನ್ನಿಸುತ್ತದೆ. ಐದು ನಿಮಿಷ ಬಿಡಿ. ಮೋಟರ್ ಬಿಸಿಯೂ ಇಳಿಯುತ್ತದೆ.

## ಹಂತ 2: ಲಕ್ಷಣ ಬರೆದುಕೊಳ್ಳಿ

ಕೊನೆಯ ಸಲ ಏನಾಯಿತು ಅನ್ನುವುದನ್ನು ಅಡುಗೆ ಮಾಡುವವರ ಹತ್ತಿರ ಕೇಳಿ. ಮಿಕ್ಸಿ ದಿನಾ ಬಳಸುವವರಿಗೆ ಅದರ ಸದ್ದು ಗೊತ್ತಿರುತ್ತದೆ.

ಸದ್ದೇ ಇಲ್ಲದೆ ಸತ್ತಂತಿದ್ದರೆ ಸಾಕೆಟ್, ಕೆಂಪು ಬಟನ್, ವೈರ್, ಸ್ವಿಚ್ ಅಥವಾ ಕಾರ್ಬನ್ ಕಡೆ ಅನುಮಾನಪಡಿ. "ಗುಂಯ್" ಅಂತ ನರಳಿ ತಿರುಗದಿದ್ದರೆ ಏನೋ ಬಿಗಿಯಾಗಿ ಹಿಡಿದುಕೊಂಡಿದೆ, ಹೆಚ್ಚಾಗಿ ಜಾರ್. ಮೋಟರ್ ಜೋರಾಗಿ ತಿರುಗುತ್ತದೆ ಆದರೆ ಬ್ಲೇಡ್ ತಿರುಗುವುದಿಲ್ಲ ಅಂದರೆ ಕಪ್ಲರ್. 3ರಲ್ಲಿ ಓಡುತ್ತದೆ, 1ರಲ್ಲಿ ಓಡುವುದಿಲ್ಲ ಅಂದರೆ ಸ್ವಿಚ್ ಅಥವಾ ಅದಕ್ಕೆ ಬರುವ ಒಂದು ವೈರ್. ಓಡುತ್ತಾ ಓಡುತ್ತಾ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡಿದರೆ ಅದು ಬಿಸಿಯಾಗುತ್ತಿದೆ.

ಆನ್ ಇರುವಾಗ ಕಪ್ಲರನ್ನು ಕೈಯಿಂದಲೋ ಚಮಚದಿಂದಲೋ ತಿರುಗಿಸಿ "ಸ್ಟಾರ್ಟ್" ಮಾಡಲು ಹೋಗಬೇಡಿ. ಈ ಮೋಟರ್‌ಗಳು ಖಾಲಿ ಓಡುವಾಗ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತವೆ. ಬೆರಳು ಉಳಿಯುವುದಿಲ್ಲ.

## ಹಂತ 3: ಸಾಕೆಟ್ ಸರಿ ಇದೆಯೇ?

ಇಲ್ಲಿ ಎಲ್ಲರೂ ಮೊಬೈಲ್ ಚಾರ್ಜರ್ ಹಾಕಿ ನೋಡುತ್ತಾರೆ. ಅದು ಸರಿಯಾದ ಪರೀಕ್ಷೆ ಅಲ್ಲ. ಚಾರ್ಜರ್ 100 ವೋಲ್ಟ್‌ನಿಂದ 240 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಕೆಲಸ ಮಾಡುತ್ತದೆ, ತುಂಬ ಕಡಿಮೆ ಕರೆಂಟ್ ಎಳೆಯುತ್ತದೆ. 750 ವ್ಯಾಟ್ ಮಿಕ್ಸಿ ಸುಮಾರು 3.3 ಆಂಪಿಯರ್ ಎಳೆಯುತ್ತದೆ. ಸಾಕೆಟ್ ಸಡಿಲವಾಗಿದ್ದರೆ ಚಾರ್ಜರ್ ಓಡುತ್ತದೆ, ಮಿಕ್ಸಿ ಓಡುವುದಿಲ್ಲ. ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಅದು ಎಂದಿನಂತೆ ಕಾದರೆ ಸಾಕೆಟ್ ಸರಿ.

ಟೆಸ್ಟರ್ ಫೇಸ್ ಇದೆ ಅಂತ ಮಾತ್ರ ಹೇಳುತ್ತದೆ, ನ್ಯೂಟ್ರಲ್ ಇದೆ ಅಂತ ಹೇಳುವುದಿಲ್ಲ. ಏನನ್ನಾದರೂ ಪ್ಲಗ್ ಮಾಡಿ ಆನ್ ಮಾಡಿದಾಗ ಎರಡೂ ತೂತಿನ ಕಡೆ ಟೆಸ್ಟರ್ ಹೊತ್ತಿದರೆ ನ್ಯೂಟ್ರಲ್ ಕಡಿದಿದೆ ಅಂತ ಅರ್ಥ. ಅದು ಎಲೆಕ್ಟ್ರಿಷಿಯನ್ ಕೆಲಸ.

ಸಂಜೆ ಹೊತ್ತು ವೋಲ್ಟೇಜ್ ಡಲ್ ಆಗುವ ಊರಾದರೆ ಬೆಳಿಗ್ಗೆ ಒಮ್ಮೆ ಓಡಿಸಿ ಹೋಲಿಸಿ. ಮೀಟರ್‌ನಲ್ಲಿ ವೋಲ್ಟೇಜ್ ಅಳೆಯುವಾಗ ಕೆಂಪು ಕಡ್ಡಿ 10 ಆಂಪಿಯರ್ ತೂತಿನಲ್ಲಿ ಇಲ್ಲ ಅಂತ ಎರಡು ಸಲ ನೋಡಿ. ಅದರಲ್ಲಿಟ್ಟು ಸಾಕೆಟ್ಟಿಗೆ ಚುಚ್ಚಿದರೆ ನೇರ ಶಾರ್ಟ್. ಕೈಯಲ್ಲೇ ಸಿಡಿಯುತ್ತದೆ.

## ಹಂತ 4: ತಳದ ಕೆಂಪು ಬಟನ್

ಮಿಕ್ಸಿ ಮಗುಚಿದರೆ ತಳದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಅದು ಓವರ್‌ಲೋಡ್ ರಕ್ಷಣೆ. ಮೋಟರ್ ಜಾಸ್ತಿ ಕರೆಂಟ್ ಎಳೆದಾಗ ಅದೇ ಕಡಿದುಕೊಳ್ಳುತ್ತದೆ. ಐದು ನಿಮಿಷ ತಣ್ಣಗಾಗಲು ಬಿಟ್ಟು, ಸ್ಪೀಡ್ ಸ್ವಿಚ್ 0ಯಲ್ಲಿಟ್ಟು, "ಟಿಕ್" ಅನ್ನುವಂತೆ ಒತ್ತಿ. ಬಿಸಿ ಇರುವಾಗ ಒತ್ತಿದರೆ ಕೂರುವುದಿಲ್ಲ. ಅದನ್ನೇ ನೋಡಿ ಬಟನ್ ಕೆಟ್ಟಿದೆ ಅಂತ ತೀರ್ಮಾನಿಸುವವರು ತುಂಬ.

ಒಮ್ಮೆ ಬಿದ್ದರೆ ಸರಿ. ವಾರದಲ್ಲಿ ಮೂರು ಸಲ ಬಿದ್ದರೆ ಬಟನ್ ನಿಮಗೆ ಏನೋ ಹೇಳುತ್ತಿದೆ. ದಯವಿಟ್ಟು ಅದನ್ನು ಬೈಪಾಸ್ ಮಾಡಿ ನೇರ ವೈರ್ ಕೊಡಬೇಡಿ, ಯಾರು ಹೇಳಿದರೂ ಸರಿ. ಹಾಗೆ ಮಾಡಿದ ಮಿಕ್ಸಿಯ ಕಾಯಿಲ್ ಸುಟ್ಟು ಕರಿಯಾಗಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಕೆಲವು ಮಾದರಿಗಳಲ್ಲಿ ಜಾರ್ ಸರಿಯಾಗಿ ಕೂರದಿದ್ದರೆ ಮೋಟರ್ ಶುರುವೇ ಆಗದ ಲಾಕ್ ಇರುತ್ತದೆ. ಜಾರ್ ತಿರುಗಿಸಿ ಪೂರ್ತಿ ಕೂರಿಸಿ ನೋಡಿ. ಆ ಲಾಕ್ ಜಾಗದಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿದ್ದರೂ ಇದೇ ತೊಂದರೆ.

## ಹಂತ 5: ಜಾರ್

ಈ ಹಂತಕ್ಕೆ ಸಮಯ ಕೊಡಿ.

ಜಾರ್ ಮಗುಚಿ, ಕೆಳಗಿನ ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಬ್ಲೇಡ್ ಹಿಡಿದು ತಿರುಗಿಸಬೇಡಿ, ಕುಯ್ಯುತ್ತದೆ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಮೋಟರ್ ಪ್ರತಿ ಸಲವೂ ಆ ಬಿಗಿತದ ವಿರುದ್ಧ ಹೋರಾಡುತ್ತಿದೆ. ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಲಟಲಟ ಅಲುಗಿದರೆ ಬುಷ್, ಅಂದರೆ ಶಾಫ್ಟ್ (ತಿರುಗುವ ಕಡ್ಡಿ) ಕೂತಿರುವ ಬಳೆ, ಸವೆದಿದೆ.

ಬಿಗಿಯಾಗಿದ್ದರೆ ಜಾರ್‌ಗೆ ಬಿಸಿನೀರು ಹಾಕಿ ರಾತ್ರಿಯಿಡೀ ಬಿಡಿ. ಹಿಟ್ಟು, ಮಸಾಲೆ ಒಣಗಿ ಬುಷ್‌ನಲ್ಲಿ ಕೂತಿದ್ದರೆ ಬಿಡುತ್ತದೆ. ಬೆಳಿಗ್ಗೆ ಒರೆಸಿ, ಮಗುಚಿ, ಶಾಫ್ಟ್ ಬುಡಕ್ಕೆ ಎರಡು ಹನಿ ಅಡುಗೆ ಎಣ್ಣೆ ಬಿಟ್ಟು ತಿರುಗಿಸಿ. ಹೊಲಿಗೆ ಮಿಷನ್ ಎಣ್ಣೆ ಬೇಡವೇ ಬೇಡ, ಅದು ಚಟ್ನಿಗೆ ಇಳಿಯುತ್ತದೆ.

ಈಗ ಸೋರಿಕೆ. ಜಾರ್‌ಗೆ ಅರ್ಧ ನೀರು ತುಂಬಿ, ಕೆಳಗಿನ ಚಕ್ರವನ್ನು ಹತ್ತಿಪ್ಪತ್ತು ಸುತ್ತು ಕೈಯಲ್ಲೇ ತಿರುಗಿಸಿ, ಒಣಗಿದ ನ್ಯೂಸ್‌ಪೇಪರ್ ಮೇಲೆ ಕಾಲು ಗಂಟೆ ಇಡಿ. ಪೇಪರ್ ಒದ್ದೆಯಾದರೆ ಜಾರ್ ಸೋರುತ್ತಿದೆ. ಆ ನೀರೇ ದಿನಾ ಸ್ವಲ್ಪ ಸ್ವಲ್ಪ ಕಪ್ಲರ್ ಮೂಲಕ ಮೋಟರ್ ಶಾಫ್ಟಿಗೆ ಇಳಿಯುತ್ತದೆ. ಮೋಟರ್‌ನ ಬೇರಿಂಗ್ ತುಕ್ಕು ಹಿಡಿಯುತ್ತದೆ, ಶಾಫ್ಟ್ ಬಿಗಿಯಾಗುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ಕಾರ್ಬನ್ ಬೇಗ ಸವೆಯುತ್ತದೆ. ಆಗ ಅಂಗಡಿಯಲ್ಲಿ "ಕಾರ್ಬನ್ ಹೋಗಿದೆ" ಅನ್ನುತ್ತಾರೆ. ಮಾತು ನಿಜ. ಆದರೆ ಕಾರ್ಬನ್ ಯಾಕೆ ಹೋಯಿತು?

ನಮ್ಮ ಪಕ್ಕದ ಮನೆಯ ಮಿಕ್ಸಿಗೆ ಒಂದೇ ವರ್ಷದಲ್ಲಿ ಎರಡು ಸಲ ಕಾರ್ಬನ್ ಹಾಕಿಸಿದ್ದರು. ಮೂರನೇ ಸಲ ನನ್ನ ಹತ್ತಿರ ತಂದರು. ಕಪ್ಲರ್ ತೆಗೆದರೆ ಅದರ ಕೆಳಗೆ ಇಡ್ಲಿ ಹಿಟ್ಟು ಒಣಗಿ ಸುಣ್ಣದ ಗಾರೆಯಂತೆ ಕೂತಿತ್ತು. ದೊಡ್ಡ ಜಾರ್ ಸೋರುತ್ತಿತ್ತು. ಆ ಜಾರ್‌ಗೆ ಬುಷ್ ಹಾಕಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಬುಷ್ ಮತ್ತು ವಾಷರ್ ಹಾಕಿಸುವುದನ್ನು ಮಾತ್ರ ಅಂಗಡಿಯಲ್ಲೇ ಮಾಡಿಸಿ. ಅದನ್ನು ನೇರವಾಗಿ ಒತ್ತಿ ಕೂರಿಸಬೇಕು. ಮನೆಯಲ್ಲಿ ಸುತ್ತಿಗೆಯಿಂದ ಬಡಿದರೆ ಓರೆಯಾಗಿ ಕೂತು ಮತ್ತೆ ಸೋರುತ್ತದೆ.

ಮೂರು ಜಾರ್ ಇದ್ದರೆ ಮೂರನ್ನೂ ಪರೀಕ್ಷಿಸಿ. ಚಟ್ನಿ ಜಾರ್‌ನಲ್ಲಿ ನಿಲ್ಲುವ ಮಿಕ್ಸಿ ದೊಡ್ಡ ಜಾರ್‌ನಲ್ಲಿ ಚೆನ್ನಾಗಿ ಓಡಿದರೆ ನಿಮ್ಮ ಹುಡುಕಾಟ ಅಲ್ಲಿಗೇ ಮುಗಿಯಿತು. ಯಾವ ಜಾರ್ ಹಾಕಿದರೂ ನಿಲ್ಲುತ್ತದೆಯೇ? ಹಾಗಾದರೆ ರುಬ್ಬುವ ರೀತಿಯನ್ನೂ ಕೇಳಿಕೊಳ್ಳಿ. ಅರಿಶಿನ ಕೊಂಬನ್ನು ಒಡೆಯದೆ ಹಾಕುವುದು, ನೀರಿಲ್ಲದೆ ಗಟ್ಟಿ ಹಿಟ್ಟು ರುಬ್ಬುವುದು, ಕತ್ತಿನವರೆಗೆ ತುಂಬುವುದು, ಇವುಗಳಿಂದ ಒಳ್ಳೆಯ ಮಿಕ್ಸಿಯ ಬಟನ್ ಕೂಡ ಬೀಳುತ್ತದೆ.

## ಹಂತ 6: ಕಪ್ಲರ್

ಮೋಟರ್ ಮೇಲೆ ಕಾಣುವ ಪ್ಲಾಸ್ಟಿಕ್ ಅಥವಾ ರಬ್ಬರ್ ಹಲ್ಲಿನ ಚಕ್ರವೇ ಕಪ್ಲರ್. ಹಲ್ಲು ಸವೆದು ದುಂಡಾಗಿದ್ದರೆ, ಸೀಳಿದ್ದರೆ ಬದಲಿಸಿ. ಜಾರ್ ಬಿಗಿಯಾಗಿದ್ದಾಗ ಮೊದಲು ಸವೆಯುವುದು ಇದೇ, ಆದ್ದರಿಂದ 5ನೇ ಹಂತ ಬಿಟ್ಟು ಇಲ್ಲಿಗೆ ಬರಬೇಡಿ.

ಬಿಚ್ಚುವಾಗ ಎಲ್ಲರೂ ತಪ್ಪು ದಿಕ್ಕಿಗೆ ತಿರುಗಿಸಿ ಬಿಗಿ ಮಾಡಿಬಿಡುತ್ತಾರೆ. ನಿಯಮ ಸುಲಭ: ಮೋಟರ್ ಯಾವ ಕಡೆಗೆ ತಿರುಗುತ್ತದೋ, ಕಪ್ಲರನ್ನು ಅದೇ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಓಡುವಾಗ ತಾನಾಗಿ ಬಿಗಿಯಾಗಲಿ ಅಂತ ತಿರುಪಿನ ಗೆರೆಗಳನ್ನು ಹಾಗೆ ಕೊರೆದಿರುತ್ತಾರೆ. ಮೋಟರ್ ತಿರುಗುವ ದಿಕ್ಕು ಗೊತ್ತಿಲ್ಲದಿದ್ದರೆ ಮೊದಲೇ, ಜಾರ್ ಇಲ್ಲದೆ ಒಂದು ಕ್ಷಣ ಆನ್ ಮಾಡಿ, ನಿಲ್ಲುವಾಗ ನೋಡಿಕೊಳ್ಳಿ. ನಂತರ ಮರೆಯದೆ ಪ್ಲಗ್ ಕೀಳಿ.

ಶಾಫ್ಟ್ ತಿರುಗದಂತೆ ಹಿಡಿಯಬೇಕು. ಹಲವು ಮಿಕ್ಸಿಗಳ ತಳದ ನಡುವೆ ಒಂದು ತೂತಿರುತ್ತದೆ. ಅದರೊಳಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟರೆ ಶಾಫ್ಟಿನ ಸೀಳಿಗೆ ಕೂರುತ್ತದೆ. ತೂತು ಇಲ್ಲದಿದ್ದರೆ ತಳ ಬಿಚ್ಚಬೇಕು. ಒಳಗಿನ ಪ್ಲಾಸ್ಟಿಕ್ ಫ್ಯಾನ್ ಹಿಡಿದು ತಿರುಗಿಸಬೇಡಿ, ರೆಕ್ಕೆ ಮುರಿಯುತ್ತದೆ.

ಹೊಸ ಕಪ್ಲರ್ ತರುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡ್ ಕಡೆ ಹುಡುಕಬಹುದು. ಬೇರೆ ಊರುಗಳಲ್ಲಿ ಪಾತ್ರೆ ಅಂಗಡಿ ಅಥವಾ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ವಿಚಾರಿಸಿ. ಹೆಸರು ಹೇಳಿ ತಂದದ್ದು ಕೂರುವುದಿಲ್ಲ, ಅಳತೆ ಹೊಂದಬೇಕು.

ಕಪ್ಲರ್ ಬಿಚ್ಚಿದ ಹೊತ್ತಿನಲ್ಲೇ ಶಾಫ್ಟನ್ನು ಕೈಯಿಂದ ತಿರುಗಿಸಿ. ಸಲೀಸಾಗಿದ್ದರೆ ಬೇರಿಂಗ್ ಸರಿ. ಗರಗರ ಅಂದರೆ ತುಕ್ಕು.

## ಹಂತ 7: ತಳ ಬಿಚ್ಚುವುದು

ಪ್ಲಗ್ ಎಲ್ಲಿದೆ? ಮತ್ತೊಮ್ಮೆ ನೋಡಿ.

ತಳದ ಸ್ಕ್ರೂಗಳು ಕೆಲವು ಸಲ ರಬ್ಬರ್ ಬುಷ್ ಕಾಲುಗಳ ಅಡಿಯಲ್ಲಿರುತ್ತವೆ. ಎಲ್ಲ ತೆಗೆದರೂ ಬಾರದಿದ್ದರೆ ಎಬ್ಬಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಉಳಿದಿದೆ. ಮುಚ್ಚಳ ಎತ್ತುವಾಗ ನಿಧಾನ, ಅದಕ್ಕೆ ವೈರ್ ಅಂಟಿಕೊಂಡಿರಬಹುದು.

ಏನನ್ನೂ ಮುಟ್ಟುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಸ್ವಿಚ್‌ಗೆ ಹೋಗುವ ವೈರ್‌ಗಳ ಬಣ್ಣ ಕಾಣುವ ಹಾಗೆ ಹತ್ತಿರದಿಂದ ಒಂದು. "ನೆನಪಿರುತ್ತದೆ" ಅಂತ ಬಿಟ್ಟವರು ಅರ್ಧ ಗಂಟೆಯ ನಂತರ ಪರದಾಡುತ್ತಾರೆ.

ಈಗ ಮೂಸಿ ನೋಡಿ. ಸುಟ್ಟ ವಾರ್ನಿಷ್ ವಾಸನೆ ಬಂದು, ಕಾಯಿಲ್ ತಂತಿ ತಾಮ್ರದ ಹೊಳಪು ಕಳೆದುಕೊಂಡು ಕಪ್ಪಾಗಿದ್ದರೆ ನೇರ 10ನೇ ಹಂತಕ್ಕೆ ಹೋಗಿ.

## ಹಂತ 8: ಕಾರ್ಬನ್ ಮತ್ತು ತಾಮ್ರದ ಉಂಗುರ

ಶಾಫ್ಟಿನ ಎರಡು ಪಕ್ಕದಲ್ಲಿ ಎದುರುಬದುರು ಎರಡು ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಒತ್ತಡದಲ್ಲಿ ತಾಮ್ರದ ಪಟ್ಟಿಗಳ ಉಂಗುರಕ್ಕೆ ಒತ್ತಿಕೊಂಡಿರುತ್ತವೆ. ಆ ಉಂಗುರವೇ ಕಮ್ಯುಟೇಟರ್.

ಒಂದೊಂದಾಗಿ ತೆಗೆಯಿರಿ. ಸ್ಪ್ರಿಂಗ್ ಹಾರುತ್ತದೆ, ಕೈ ಅಡ್ಡ ಇಡಿ. ಯಾವುದು ಎಡ, ಯಾವುದು ಬಲ, ಯಾವ ಮುಖ ಮೇಲಿತ್ತು ಅಂತ ಪೆನ್ಸಿಲ್ಲಿನಿಂದ ಗುರುತು ಹಾಕಿ. ತುದಿ ಉಂಗುರದ ಆಕಾರಕ್ಕೆ ಸವೆದಿರುತ್ತದೆ, ತಿರುವಿ ಹಾಕಿದರೆ ಕಿಡಿ ಹಾರುತ್ತದೆ.

ಉದ್ದ 5–6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ, ಒಡೆದಿದ್ದರೆ, ಸ್ಪ್ರಿಂಗ್ ಸುಟ್ಟು ಮೆತ್ತಗಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದೇ ಬದಲಿಸಬೇಡಿ. ಹೊಸದು ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಸ್ವಲ್ಪ ದಪ್ಪ ಇದ್ದರೆ ಸಿಕ್ಕಿಕೊಂಡು ಉಂಗುರವನ್ನು ಮುಟ್ಟುವುದೇ ಇಲ್ಲ. ಸಡಿಲವಾಗಿದ್ದರೆ ಅಲುಗಾಡಿ ಕಿಡಿ ಕಾರುತ್ತದೆ. ಹೊಸ ಕಾರ್ಬನ್ ಹಾಕಿದರೂ ಮಿಕ್ಸಿ ಓಡದಿದ್ದರೆ ಮೊದಲು ಇದನ್ನೇ ನೋಡಿ.

ಉಂಗುರ ತಿಳಿ ಕಂದು ಬಣ್ಣದಲ್ಲಿದ್ದರೆ ಮುಟ್ಟಬೇಡಿ, ಅದು ಆರೋಗ್ಯದ ಬಣ್ಣ. ಕಪ್ಪು ಮಸಿ ಕೂತಿದ್ದರೆ ಝೀರೋ ಉಪ್ಪುಕಾಗದದ ಪಟ್ಟಿಯನ್ನು ಹಗುರವಾಗಿ ಒತ್ತಿ, ಶಾಫ್ಟ್ ತಿರುಗಿಸುತ್ತಾ ಒರೆಸಿ. ಪಟ್ಟಿಗಳ ನಡುವಿನ ಸಂದಿಯ ಪುಡಿಯನ್ನು ಹಲ್ಲುಕಡ್ಡಿಯಿಂದ ತೆಗೆದು ಒಣ ಬ್ರಷ್‌ನಿಂದ ಗುಡಿಸಿ. ಕಾರ್ಬನ್ ಪುಡಿ ಕರೆಂಟ್ ಹರಿಸುತ್ತದೆ, ಉಳಿದರೆ ಶಾರ್ಟ್ ಆಗುತ್ತದೆ. ಎಣ್ಣೆ, ಸೀಮೆಎಣ್ಣೆ, ನೀರು ಯಾವುದೂ ಬೇಡ.

ಉಂಗುರದಲ್ಲಿ ಒಂದೆರಡು ಪಟ್ಟಿ ಮಾತ್ರ ಸುಟ್ಟು ಗುಳಿ ಬಿದ್ದಿದ್ದರೆ ಆರ್ಮೇಚರ್ (ಮೋಟರ್‌ನ ತಿರುಗುವ ಭಾಗ) ತಂತಿ ಒಳಗೆ ಕಡಿದಿರುವ ಸೂಚನೆ. ಕಾರ್ಬನ್ ಬದಲಿಸಿ ಪ್ರಯೋಜನವಿಲ್ಲ.

## ಹಂತ 9: ವೈರ್ ಮತ್ತು ಸ್ವಿಚ್

ಮೀಟರನ್ನು ಕಂಟಿನ್ಯುಟಿಗೆ, ಅಂದರೆ ಬೀಪ್ ಅನ್ನುವ ಗುರುತಿಗೆ ಇಟ್ಟು, ಪ್ಲಗ್ಗಿನ ಒಂದೊಂದು ಪಿನ್‌ನಿಂದ ವೈರ್ ಒಳಗೆ ಸೇರುವ ಜಾಗದವರೆಗೆ ನೋಡಿ. ನೋಡುವಾಗ ವೈರನ್ನು ಬಾಗಿಸುತ್ತಿರಿ. ಮಿಕ್ಸಿಯ ಬೆನ್ನಿನ ಹತ್ತಿರ, ಪ್ಲಗ್ಗಿನ ಬುಡದಲ್ಲಿ ಒಳಗೇ ಕಡಿದಿರುವುದು ಮಾಮೂಲು. ಬೀಪ್ ಬಂದು ಹೋಗಿ ಮಾಡಿದರೆ ಪೂರ್ತಿ ವೈರ್ ಬದಲಿಸಿ. ನಡುವೆ ಹೊಸೆದು ಟೇಪ್ ಸುತ್ತುವುದು ನೀರು ಚೆಲ್ಲುವ ಅಡುಗೆಮನೆಗೆ ತಕ್ಕದ್ದಲ್ಲ. ಐಎಸ್‌ಐ ಗುರುತಿನ, 0.75 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ವೈರ್ ತನ್ನಿ. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಮೂರು ಪಿನ್ ಇದ್ದ ಕಡೆ ಎರಡು ಪಿನ್ ಹಾಕಿ ಅರ್ಥ್ ಬಿಡಬೇಡಿ. ಒಳಗೆ ವೈರನ್ನು ಹಿಡಿದಿಡುವ ಕ್ಲಿಪ್ಪನ್ನೂ ಮತ್ತೆ ಹಾಕಿ.

ಸ್ವಿಚ್ಚನ್ನು 1, 2, 3ರಲ್ಲಿ ಒಂದೊಂದಾಗಿ ಇಟ್ಟು ಬೀಪ್ ನೋಡಿ. ಸುಟ್ಟು ಕರಗಿದ್ದರೆ ಅದೇ ಅಳತೆಯದನ್ನು ಹಾಕಿ, ಹಳೆಯದರಿಂದ ಒಂದು ವೈರ್ ತೆಗೆದು ಹೊಸದಕ್ಕೆ ಹಾಕಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಕೀಳಬೇಡಿ.

## ಹಂತ 10: ಕಾಯಿಲ್, ಮತ್ತು ನಿಲ್ಲಬೇಕಾದ ಜಾಗ

ಮೀಟರ್ 200 ಓಮ್‌ಗೆ ಇಡಿ. ಸ್ಪೀಡ್ 3ರಲ್ಲಿಟ್ಟು ಫೇಸ್ ಮತ್ತು ನ್ಯೂಟ್ರಲ್ ಪಿನ್ ನಡುವೆ ಅಳೆದರೆ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ಬರಬೇಕು. ಶಾಫ್ಟ್ ತಿರುಗಿಸಿದಾಗ ಸ್ವಲ್ಪ ಏರಿಳಿದರೆ ಸಹಜ. ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ. ಸೊನ್ನೆಯೇ ಬಂದರೆ ಶಾರ್ಟ್.

ಅತಿ ಮುಖ್ಯವಾದ ಅಳತೆ ಇನ್ನೊಂದು. ಮೀಟರನ್ನು ಅತಿ ದೊಡ್ಡ ಓಮ್‌ಗೆ ಇಟ್ಟು, ಫೇಸ್ ಪಿನ್‌ನಿಂದ ಮೋಟರ್‌ನ ಕಬ್ಬಿಣದ ಮೈಗೆ, ನ್ಯೂಟ್ರಲ್ ಪಿನ್‌ನಿಂದಲೂ ಅಲ್ಲಿಗೇ ಅಳೆಯಿರಿ. ಯಾವ ಸಂಖ್ಯೆಯೂ ಬರಬಾರದು. ಬಂದರೆ ಕರೆಂಟ್ ಮೈಗೆ ಇಳಿಯುತ್ತಿದೆ. ಅಂತಹ ಮಿಕ್ಸಿಗೆ ಪ್ಲಗ್ ಹಾಕಬೇಡಿ. ನೀರು ಬಿದ್ದದ್ದೇ ಕಾರಣ ಅನ್ನಿಸಿದರೆ ಮುಚ್ಚಳ ತೆಗೆದು ಎರಡು ದಿನ ಬಿಸಿಲಿನ ಗಾಳಿಗೆ ಇಟ್ಟು ಮತ್ತೆ ಅಳೆಯಿರಿ. ಆಗಲೂ ಬಂದರೆ ರಿಪೇರಿಯವರಿಗೆ ಕೊಡಿ.

ಕಾಯಿಲ್ ಸುಟ್ಟಿದ್ದರೆ, ಆರ್ಮೇಚರ್ ಕಡಿದಿದ್ದರೆ, ಬೇರಿಂಗ್ ಹೋಗಿದ್ದರೆ ಮನೆಯ ಕೆಲಸ ಇಲ್ಲಿಗೆ ಮುಗಿಯಿತು. ರಿವೈಂಡಿಂಗ್ (ಕಾಯಿಲ್ ಹೊಸದಾಗಿ ಸುತ್ತಿಸುವ) ಖರ್ಚು ಹೊಸ ಮಿಕ್ಸಿಯ ಅರ್ಧ ಬೆಲೆ ದಾಟಿದರೆ ಹೊಸದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ಜಾರ್ ಹೊಸ ಮಿಕ್ಸಿಗೆ ಕೂರುವಂತಿದ್ದರೆ, 5ನೇ ಹಂತದ ಪರೀಕ್ಷೆ ಮಾಡದೆ ಬಳಸಬೇಡಿ.

## ಹಂತ 11: ಜೋಡಿಸಿ ಓಡಿಸುವುದು

ಫೋಟೋ ನೋಡಿಕೊಂಡು ಜೋಡಿಸಿ. ಯಾವ ವೈರೂ ಫ್ಯಾನಿಗೆ ತಾಗಬಾರದು, ಮುಚ್ಚಳದ ಅಂಚಿಗೆ ಸಿಕ್ಕಿಕೊಳ್ಳಬಾರದು. ಮುಚ್ಚಳ ಹಾಕಿ ಎಲ್ಲ ಸ್ಕ್ರೂ ಬಿಗಿ ಮಾಡಿದ ಮೇಲೆಯೇ ಪ್ಲಗ್ ಹಾಕಿ. ತೆರೆದಿಟ್ಟು ಓಡಿಸಬೇಡಿ. ಮೊದಲ ಸಲ ಆನ್ ಮಾಡುವಾಗ ಮಿಕ್ಸಿ ಮುಟ್ಟದೆ, ಕಾಲಲ್ಲಿ ಚಪ್ಪಲಿ ಹಾಕಿ, ಗೋಡೆಯ ಸ್ವಿಚ್ಚಿನಿಂದ ಆನ್ ಮಾಡಿ.

ಜಾರ್ ಇಲ್ಲದೆ 1ರಲ್ಲಿ ಅರ್ಧ ನಿಮಿಷ ಓಡಿಸಿ. ಹೊಸ ಕಾರ್ಬನ್ ಹಾಕಿದ್ದರೆ ಮೂರು ನಾಲ್ಕು ಸಲ ಹೀಗೆ ನಿಲ್ಲಿಸಿ ಓಡಿಸಿ, ತುದಿ ಉಂಗುರಕ್ಕೆ ಹೊಂದಿಕೊಳ್ಳುತ್ತದೆ. ಗಾಳಿ ಸಂದಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಗಾಬರಿ ಬೇಡ. ಉಂಗುರದ ಸುತ್ತ ಹಳದಿ ಬೆಂಕಿಯ ಪಟ್ಟಿ ಕಂಡರೆ ತಕ್ಷಣ ಆಫ್ ಮಾಡಿ 8ನೇ ಹಂತಕ್ಕೆ ಹಿಂದಿರುಗಿ.

ಆಮೇಲೆ ಜಾರ್‌ಗೆ ಅರ್ಧ ನೀರು ಹಾಕಿ 1ರಲ್ಲಿ ಒಂದು ನಿಮಿಷ ಓಡಿಸಿ. ಪ್ಲಗ್ ಕಿತ್ತು, ಜಾರ್ ಎತ್ತಿ, ಕಪ್ಲರ್ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಒದ್ದೆಯಾಗಿದ್ದರೆ ಆ ಜಾರನ್ನು ಪಕ್ಕಕ್ಕಿಟ್ಟು, ಬುಷ್ ಹಾಕಿಸುವವರೆಗೆ ಇನ್ನೊಂದನ್ನೇ ಬಳಸಿ. ಒಣಗಿದ್ದರೆ ಚಟ್ನಿಗೆ ಕಾಯಿ ಹಾಕಬಹುದು.